ಅಗಲವಾದ ಹಿಂಬದಿಯ ಟೈರು: ಚಿಕಿತ್ಸೆಯೋ, ಶೃಂಗಾರವೋ?

ಶಕ್ತಿಶಾಲಿಯಾದ ಕಾರೊಂದನ್ನು ಹಿಂದಿನಿಂದ ನೋಡಿದಾಗ ಕಣ್ಣನ್ನು ಮೊದಲು ಸೆಳೆಯುವುದು ಅದರ ಟೈರುಗಳ ಅಗಲವೇ ಆಗಿರುವುದರಿಂದಲೂ, ಪಂದ್ಯಗಳ ಚಿತ್ರಗಳಲ್ಲಿ ನಾವು ಕಾಣುವ ವಾಹನಗಳು ಬಹುಮಟ್ಟಿಗೆ ಮುಂದೆ ಕೃಶವಾಗಿಯೂ ಹಿಂದೆ ಸ್ಥೂಲವಾಗಿಯೂ ಇರುವುದರಿಂದಲೂ, ವೇಗಕ್ಕೂ ಹಿಂಬದಿಯ ಅಗಲಕ್ಕೂ ಅವಿನಾಭಾವವಾದ ಸಂಬಂಧವುಂಟೆಂಬ ನಂಬಿಕೆ ಕಾರುಪ್ರಿಯರಲ್ಲಿ, ಅದರಲ್ಲಿಯೂ ತರುಣರಲ್ಲಿ, ಬೇರೂರಿರುವುದು ಆಶ್ಚರ್ಯವಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳ ಮುಂದೆ ಹೊಳೆಯುವ ರಿಮ್ಮುಗಳ ಸಾಲನ್ನು ನೋಡುತ್ತ ನಿಂತ ಯಾವ ಹುಡುಗನನ್ನು ಕೇಳಿದರೂ ದೊರೆಯುವ ಉತ್ತರ ಒಂದೇ: ಟೈರು ಅಗಲವಾದಷ್ಟೂ ಹಿಡಿತ ಹೆಚ್ಚು, ಹಿಡಿತ ಹೆಚ್ಚಾದಷ್ಟೂ ಕಾರು ಉತ್ತಮ. ಈ ಎರಡು ವಾಕ್ಯಗಳಲ್ಲಿ ಮೊದಲನೆಯದು ಅರ್ಧಸತ್ಯ. ಎರಡನೆಯದು, ಹಿಂಬದಿಯ ಟೈರುಗಳನ್ನು ಮಾತ್ರ ಕುರಿತು ಹೇಳಿದ ಪಕ್ಷದಲ್ಲಿ, ಅನೇಕ ವೇಳೆ ಶುದ್ಧ ಅಸತ್ಯ. ಹಿಂದಿನ ಟೈರುಗಳನ್ನು ಮಾತ್ರ ಅಗಲಗೊಳಿಸುವುದು ಒಂದು ನಿರ್ದಿಷ್ಟವಾದ ವ್ಯಾಧಿಗೆ ಕೊಡತಕ್ಕ ಔಷಧ. ವ್ಯಾಧಿಯಿಲ್ಲದ ದೇಹಕ್ಕೆ ಅದನ್ನು ಕುಡಿಸುವುದರಿಂದ ಬಲ ಬರುವುದಿಲ್ಲವೆಂಬುದೇ ನನ್ನ ವಾದ.

ಟೈರು ನೆಲವನ್ನು ಮುಟ್ಟುವ ಬಗೆಯನ್ನು ಕೊಂಚ ಪರ್ಯಾಲೋಚಿಸೋಣ. 1200 ಕಿಲೋ ತೂಕದ ಕಾರಿನ ಭಾರವು ನಾಲ್ಕು ಗಾಲಿಗಳಲ್ಲಿಯೂ ಸಮನಾಗಿ ಹಂಚಿಹೋಗಿದೆಯೆಂದು ಭಾವಿಸಿದರೆ ಒಂದೊಂದು ಟೈರಿನ ಮೇಲೆ 300 ಕಿಲೋ ಭಾರ ಬೀಳುತ್ತದೆ. ಟೈರಿನೊಳಗಿನ ಗಾಳಿಯ ಒತ್ತಡ ಚದರ ಅಂಗುಲಕ್ಕೆ 30 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ 2 ಕಿಲೋಗಿಂತ ಸ್ವಲ್ಪ ಹೆಚ್ಚು, ಇದ್ದಲ್ಲಿ ಆ ಭಾರವನ್ನು ಹೊರಲು ಸುಮಾರು 140 ಚದರ ಸೆಂಟಿಮೀಟರುಗಳಷ್ಟು ರಬ್ಬರು ನೆಲಕ್ಕೆ ತಾಗಿದರೆ ಸಾಕಾಗುತ್ತದೆ. ಟೈರಿನ ಗೋಡೆಯ ಗಡಸುತನದಿಂದ ಈ ಲೆಕ್ಕದಲ್ಲಿ ಅಷ್ಟಿಷ್ಟು ವ್ಯತ್ಯಾಸವಾಗುವುದುಂಟು. ಆದರೆ ಮುಖ್ಯವಾದ ಮಾತು ಬದಲಾಗುವುದಿಲ್ಲ. ಗಾಳಿಯನ್ನು ಅಷ್ಟೇ ಇರಿಸಿ ಅಗಲವಾದ ಟೈರನ್ನು ತೊಡಿಸಿದರೆ ನೆಲವನ್ನು ಮುಟ್ಟುವ ರಬ್ಬರಿನ ವಿಸ್ತೀರ್ಣ, ನೋಡುವವನು ಊಹಿಸುವಷ್ಟು, ಹೆಚ್ಚುವುದಿಲ್ಲ. ಅದರ ಆಕಾರ ಮಾತ್ರ ಮಾರ್ಪಡುತ್ತದೆ. ಉದ್ದನೆಯ ಸ್ಪರ್ಶಪ್ರದೇಶವು ಗಿಡ್ಡವಾಗಿ, ಅಡ್ಡಕ್ಕೆ ಚಾಚಿಕೊಳ್ಳುತ್ತದೆ.

ಹಾಗಾದರೆ ಅಗಲದಿಂದ ಪ್ರಯೋಜನವೇ ಇಲ್ಲವೆ? ಉಂಟು, ಅದು ಬೇರೆ ದಾರಿಯಲ್ಲಿ ಬರುತ್ತದೆ. ತಿರುವಿನಲ್ಲಿ ಸಾಗುವ ಟೈರು ತಾನು ಮುಖ ಮಾಡಿದ ದಿಕ್ಕಿಗೆ ಕಟ್ಟುನಿಟ್ಟಾಗಿ ಹೋಗುವುದಿಲ್ಲ. ರಬ್ಬರು ತಿರುಚಿಕೊಂಡು, ಮುಖದ ದಿಕ್ಕಿಗೂ ನಡೆಯ ದಿಕ್ಕಿಗೂ ನಡುವೆ ಒಂದು ಸಣ್ಣ ಕೋನ ಏರ್ಪಡುತ್ತದೆ. ಇದನ್ನು ಜಾರುಕೋನವೆನ್ನಬಹುದು. ಈ ಕೋನವು ಒಂದು ಮಿತಿಯವರೆಗೆ ಬೆಳೆದಂತೆ ಟೈರು ಒದಗಿಸುವ ಪಾರ್ಶ್ವಬಲವೂ ಬೆಳೆಯುತ್ತದೆ. ಮಿತಿ ದಾಟಿದ ಮೇಲೆ ಹಿಡಿತ ಬಿಟ್ಟು ಟೈರು ನಿಜವಾಗಿಯೇ ಜಾರುತ್ತದೆ. ಗಿಡ್ಡವೂ ಅಗಲವೂ ಆದ ಸ್ಪರ್ಶಪ್ರದೇಶವುಳ್ಳ ಟೈರು ಅಷ್ಟೇ ಪಾರ್ಶ್ವಬಲವನ್ನು ಕಡಮೆ ಜಾರುಕೋನದಲ್ಲಿ ಒದಗಿಸಬಲ್ಲುದು. ಇದಲ್ಲದೆ ರಬ್ಬರಿನ ಘರ್ಷಣೆಯು ಶಾಲೆಯ ಪಾಠದಲ್ಲಿ ಹೇಳುವ ಮರದ ತುಂಡಿನ ಘರ್ಷಣೆಯಂತಲ್ಲ. ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗದೆ, ಅದಕ್ಕಿಂತ ಸ್ವಲ್ಪ ಕಡಮೆಯೇ ಆಗುವುದರಿಂದ, ಮಿತಿಮೀರಿ ಭಾರ ಹೊತ್ತ ಟೈರಿನ ಅಗಲವನ್ನು ಹೆಚ್ಚಿಸಿ ಅದರ ಶ್ರಮವನ್ನು ಹಗುರಗೊಳಿಸುವುದರಲ್ಲಿ ಅರ್ಥವಿದೆ. ಶಾಖವೂ ಹಂಚಿಹೋಗುವುದರಿಂದ ಮೃದುವಾದ ರಬ್ಬರನ್ನು ಬಳಸುವುದಕ್ಕೆ ಅವಕಾಶವಾಗುತ್ತದೆ. ಪಂದ್ಯದ ಟೈರುಗಳ ಮಹಿಮೆಯ ಬಹುಭಾಗ ಅಡಗಿರುವುದು ಆ ಮೃದುತ್ವದಲ್ಲಿ.

ಇಷ್ಟು ಒಪ್ಪಿದ ಮೇಲೆ ಕೇಳಬೇಕಾದ ಪ್ರಶ್ನೆ, ಹಿಂದಿನ ಟೈರಿಗೆ ಎಷ್ಟು ಹಿಡಿತವಿದೆ ಎಂಬುದಲ್ಲ. ಮುಂದಿನದಕ್ಕೂ ಹಿಂದಿನದಕ್ಕೂ ಹಿಡಿತ ಯಾವ ಪ್ರಮಾಣದಲ್ಲಿ ಹಂಚಿದೆ ಎಂಬುದು. ತಿರುವಿನಲ್ಲಿ ಕಾರಿನ ವೇಗವನ್ನು ನಿರ್ಣಯಿಸುವುದು ಮೊದಲು ಸೋಲುವ ಜೋಡಿ. ಮುಂದಿನ ಜೋಡಿ ಮೊದಲು ಸೋತರೆ, ಸ್ಟೀರಿಂಗನ್ನು ಎಷ್ಟು ತಿರುಗಿಸಿದರೂ ಕಾರು ತಿರುವಿನ ಹೊರಗಂಚಿನ ಕಡೆಗೇ ಸಾಗುತ್ತದೆ. ಹಿಂದಿನದು ಮೊದಲು ಸೋತರೆ ಬಾಲ ಬೀಸಿಕೊಂಡು ಕಾರು ಗಿರ್ರನೆ ತಿರುಗಿಹೋಗುತ್ತದೆ. ಮೊದಲನೆಯದಕ್ಕೆ ಅಂಡರ್‌ಸ್ಟಿಯರ್ ಎಂದೂ ಎರಡನೆಯದಕ್ಕೆ ಓವರ್‌ಸ್ಟಿಯರ್ ಎಂದೂ ಹೆಸರು. 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿ ದುಡಿದ ಮಾರಿಸ್ ಓಲೀ ಎಂಬ ಆಂಗ್ಲ ಯಂತ್ರಶಿಲ್ಪಿ ಈ ಎರಡು ಪ್ರವೃತ್ತಿಗಳನ್ನು ಶಾಸ್ತ್ರೀಯವಾಗಿ ವಿವೇಚಿಸಿದವರಲ್ಲಿ ಅಗ್ರಗಣ್ಯನು. ಆತನ ಕಾಲದಿಂದ ಇಂದಿನವರೆಗೂ ಈ ಶಾಸ್ತ್ರದ ಸಾರ ಒಂದೇ: ಹಿಂದಿನ ಜಾರುಕೋನ ಮುಂದಿನದಕ್ಕಿಂತ ಕಡಮೆಯಿದ್ದರೆ ಕಾರು ಅಂಡರ್‌ಸ್ಟಿಯರ್ ಕಡೆಗೂ, ಹೆಚ್ಚಿದ್ದರೆ ಓವರ್‌ಸ್ಟಿಯರ್ ಕಡೆಗೂ ವಾಲುತ್ತದೆ. ಹಿಂದಿನ ಟೈರನ್ನು ಅಗಲಗೊಳಿಸುವವನು ತಿಳಿದೋ ತಿಳಿಯದೆಯೋ ಮಾಡುವುದು ಇಷ್ಟೇ: ಕಾರನ್ನು ಅಂಡರ್‌ಸ್ಟಿಯರ್ ಕಡೆಗೆ ನೂಕುವುದು. ಮುಂದಿನ ಹಿಡಿತ ಎಳ್ಳಷ್ಟೂ ಹೆಚ್ಚಿಲ್ಲವಾದ್ದರಿಂದ, ಮೊದಲೇ ಸಮತೋಲದಲ್ಲಿದ್ದ ಕಾರು ತಿರುವಿನಲ್ಲಿ ವೇಗವಾಗುವುದಂತಿರಲಿ, ಮೊಂಡಾಗುತ್ತದೆ.

ಔಷಧ ನಿಜವಾಗಿ ಬೇಕಾದ ರೋಗಿಯ ಚರಿತ್ರೆ ಪೋರ್ಷೆ 911ರದು, ಮತ್ತು ಅದನ್ನು ಸಾವಧಾನವಾಗಿ ಹೇಳುವುದು ಒಳಿತು. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ 901 ಎಂಬ ಅಂಕಿತದೊಡನೆ ಕಾಣಿಸಿಕೊಂಡು, ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳ ಮೇಲೆ ಹಕ್ಕು ಸಾಧಿಸಿದ ಪ್ಯೂಜೋ ಸಂಸ್ಥೆಯ ಆಕ್ಷೇಪಣೆಯಿಂದ 911 ಎಂದು ಮರುನಾಮಕರಣಗೊಂಡ ಆ ಕಾರಿನ ಎಂಜಿನ್ನು ಹಿಂದಿನ ಗಾಲಿಗಳಿಗಿಂತಲೂ ಹಿಂದೆ ನೇತುಕೊಂಡಿತ್ತು. ಒಟ್ಟು ತೂಕದ ಐದು ಪಾಲಿನಲ್ಲಿ ಸುಮಾರು ಮೂರು ಪಾಲು ಹಿಂದಿನ ಎರಡು ಗಾಲಿಗಳ ಮೇಲೆಯೇ ಬೀಳುತ್ತಿತ್ತು. ಟೈರುಗಳಾದರೋ ನಾಲ್ಕೂ ಒಂದೇ ಅಳತೆ, 165 ಮಿಲಿಮೀಟರು ಅಗಲ. ತಿರುವಿನ ಮಧ್ಯದಲ್ಲಿ ಹೆದರಿದ ಚಾಲಕನು ಆಕ್ಸಿಲರೇಟರಿನಿಂದ ಕಾಲು ತೆಗೆದನೆಂದರೆ, ಭಾರ ಮುಂದಕ್ಕೆ ಸರಿದು, ಹಗುರವಾದ ಹಿಂದಿನ ಟೈರುಗಳು ಆ ಎಂಜಿನ್ನಿನ ರಾಶಿಯನ್ನು ತಡೆಹಿಡಿಯಲಾರದೆ, ಬಾಲವು ಮೂತಿಯನ್ನು ಹಿಂದಿಕ್ಕಲು ಹವಣಿಸುತ್ತಿತ್ತು. ಇದಕ್ಕೆ ಪೋರ್ಷೆಯವರು ಕೈಗೊಂಡ ಉಪಾಯಗಳ ಪರಂಪರೆ ಒಂದು ರೀತಿಯಲ್ಲಿ ಹಾಸ್ಯಾಸ್ಪದವೂ ಮತ್ತೊಂದು ರೀತಿಯಲ್ಲಿ ಪ್ರಾಮಾಣಿಕವೂ ಆಗಿದೆ. ಮೊದಲು ಮುಂದಿನ ಬಂಪರಿನ ಎರಡು ಮೂಲೆಗಳಲ್ಲಿ ತಲಾ 11 ಕಿಲೋ ಭಾರವನ್ನು ಬಚ್ಚಿಟ್ಟರು. ವೇಗದ ಕಾರಿಗೆ ತೂಕ ಕಟ್ಟಿ ಕಳುಹಿಸುವ ಈ ಯುಕ್ತಿಯನ್ನು ಯಾರೂ ಜಾಹೀರಾತಿನಲ್ಲಿ ಹಾಕಿಕೊಳ್ಳಲಾರರು. ಅನಂತರ, 1969ರ ಮಾದರಿಯಲ್ಲಿ, ಎಂಜಿನ್ನನ್ನು ಇದ್ದಲ್ಲಿಯೇ ಇರಿಸಿ ಹಿಂದಿನ ಗಾಲಿಗಳನ್ನು 57 ಮಿಲಿಮೀಟರು ಹಿಂದಕ್ಕೆ ಸರಿಸಿದರು. ಒಂದು ಬ್ಯಾಟರಿಯ ಬದಲು ಎರಡನ್ನು ಮುಂದಿನ ಎರಡು ಮೂಲೆಗಳಲ್ಲಿ ಕೂರಿಸಿದರು.

ಇಷ್ಟೆಲ್ಲ ಆದ ಮೇಲೆಯೇ ಬಂದುದು ಅಗಲವಾದ ಹಿಂಬದಿಯ ಟೈರು. 1972ರ ಅಕ್ಟೋಬರಿನಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಅನಾವರಣಗೊಂಡ ಕರೆರಾ ಆರ್‌ಎಸ್ 2.7 ಮಾದರಿಗೆ ಮುಂದೆ 6 ಅಂಗುಲದ ರಿಮ್ಮಿನ ಮೇಲೆ 185ರ ಟೈರು, ಹಿಂದೆ 7 ಅಂಗುಲದ ರಿಮ್ಮಿನ ಮೇಲೆ 215ರ ಟೈರು. ಪೋರ್ಷೆಯ ರಸ್ತೆಯ ಕಾರುಗಳಲ್ಲಿ ಮುಂದೆ ಒಂದು ಅಳತೆ, ಹಿಂದೆ ಒಂದು ಅಳತೆ ಬಂದದ್ದು ಇದೇ ಮೊದಲು. ಅದಕ್ಕಾಗಿ ಹಿಂಬದಿಯ ಕವಚವನ್ನು 42 ಮಿಲಿಮೀಟರು ಹಿಗ್ಗಿಸಬೇಕಾಯಿತು. ವೇಗದಲ್ಲಿ ಹಿಂಬದಿ ಮೇಲೇಳದಂತೆ ಎಂಜಿನ್ನಿನ ಮುಚ್ಚಳದ ಮೇಲೆ ಬಾತುಕೋಳಿಯ ಬಾಲವೆಂದು ಖ್ಯಾತವಾದ ಏಣನ್ನು ಜೋಡಿಸಿದರು. ಪಂದ್ಯದ ನಿಯಮಕ್ಕಾಗಿ 500 ಕಾರುಗಳನ್ನು ಮಾರಿದರೆ ಸಾಕೆಂದು ಹೊರಟವರು 1580 ಮಾಡಿ ಮಾರಿದರು. ಇಲ್ಲಿ ಗಮನಿಸತಕ್ಕ ವಿಷಯವೆಂದರೆ, ಆ 30 ಮಿಲಿಮೀಟರುಗಳ ಅಂತರವನ್ನು ಯಾರೂ ಕಣ್ಣಳತೆಯಿಂದ ತೀರ್ಮಾನಿಸಲಿಲ್ಲ. ಭಾರ ಹಿಂದೆ ಇತ್ತು. 210 ಅಶ್ವಶಕ್ತಿಯೂ ಹಿಂದಿನ ಗಾಲಿಗಳ ಮೂಲಕವೇ ನೆಲಕ್ಕಿಳಿಯಬೇಕಾಗಿತ್ತು. ಎರಡು ಹೊರೆಗಳನ್ನು ಏಕಕಾಲದಲ್ಲಿ ಹೊತ್ತ ಜೋಡಿಗೆ ಹೆಚ್ಚು ರಬ್ಬರು ದೊರೆಯಿತು.

ಟೈರಿನ ಅಗಲಕ್ಕೆ ಕೈಹಾಕದೆ ಗಾಳಿಯೊಂದರಿಂದಲೇ ಇದೇ ಚಿಕಿತ್ಸೆಯನ್ನು ಮಾಡಹೊರಟವರೂ ಉಂಟು. ಓಲೀ ದುಡಿದಿದ್ದ ಅದೇ ಜನರಲ್ ಮೋಟಾರ್ಸ್ 1960ರ ಮಾದರಿಯಾಗಿ ಹೊರತಂದ ಷೆವ್ರೊಲೆ ಕಾರ್ವೇರ್ ಕಾರಿಗೂ ಎಂಜಿನ್ನು ಹಿಂದೆಯೇ ಇತ್ತು. ಬಾಲ ಬೀಸದಂತೆ ಮುಂದಿನ ಟೈರುಗಳಿಗೆ 15 ಪೌಂಡು, ಹಿಂದಿನವಕ್ಕೆ 26 ಪೌಂಡು ಗಾಳಿ ಹಿಡಿಸಬೇಕೆಂದು ಕೈಪಿಡಿಯಲ್ಲಿ ಬರೆದಿದ್ದರು. ಕೈಪಿಡಿಯನ್ನು ಓದುವವರು ಯಾರು? ನಾಲ್ಕಕ್ಕೂ ಸಮನಾಗಿ ಗಾಳಿ ತುಂಬಿದೊಡನೆ ಆ ನಾಜೂಕಾದ ಸಮತೋಲ ಕೆಡುತ್ತಿತ್ತು. ರಾಲ್ಫ್ ನೇಡರ್ 1965ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದ ಮೊದಲನೆಯ ಅಧ್ಯಾಯವೇ ಈ ಕಾರಿನ ಮೇಲಣ ದೋಷಾರೋಪಣೆ. 1972ರ ಸರ್ಕಾರಿ ವರದಿಯೊಂದು ಅದು ಸಮಕಾಲೀನ ಕಾರುಗಳಿಗಿಂತ ಹೆಚ್ಚು ಅಪಾಯಕರವಲ್ಲವೆಂದು ತೀರ್ಪಿತ್ತುದೂ ಅಷ್ಟೇ ನಿಜ. ತೀರ್ಪು ಏನೇ ಇರಲಿ, ಮುಂದಿನ ಮತ್ತು ಹಿಂದಿನ ಟೈರುಗಳ ನಡುವಣ ತಾರತಮ್ಯವು ಎಷ್ಟು ಸೂಕ್ಷ್ಮವಾದ ವ್ಯವಹಾರವೆಂಬುದಕ್ಕೆ ಕಾರ್ವೇರಿನ ಗಾಳಿಯ ಕಥೆಗಿಂತ ಉತ್ತಮವಾದ ಸಾಕ್ಷ್ಯ ಬೇಕಾಗಿಲ್ಲ. ಗಾಳಿಯಿಂದಲೇ ಇಷ್ಟಾಗುವುದಾದರೆ, 20 ಅಥವಾ 40 ಮಿಲಿಮೀಟರು ಅಗಲವನ್ನು ಅಂಗಡಿಯವನ ಮಾತಿನ ಮೇಲೆ ಏರಿಸುವವನು ತಾನು ಏನು ಮಾಡುತ್ತಿದ್ದೇನೆಂದು ಒಮ್ಮೆ ಯೋಚಿಸಬೇಡವೆ?

ಔಷಧ ಆಭರಣವಾದುದು 1970ರ ದಶಕದ ಉತ್ತರಾರ್ಧದಲ್ಲಿ. 1974ರಲ್ಲಿ ಮಾರಾಟಕ್ಕೆ ಬಂದ ಲಂಬೋರ್ಗಿನಿ ಕೌಂಟಾಶ್ ಎಲ್‌ಪಿ400 ಕಾರಿನ ಟೈರುಗಳು ಇಂದಿನ ಕಣ್ಣಿಗೆ ಬಡಕಲಾಗಿ ಕಾಣುತ್ತವೆ: ಮುಂದೆ 205, ಹಿಂದೆ 215. ಆ ಮೊದಲನೆಯ ರೂಪವೇ, ಯಾವ ರೆಕ್ಕೆಪುಕ್ಕಗಳೂ ಇಲ್ಲದೆ, ಅತ್ಯಂತ ಸುಂದರವಾದುದೆಂದು ಹೇಳುವವರ ಪಂಗಡಕ್ಕೆ ನಾನು ಸೇರಿದವನು. ಸ್ವತಃ ಫಾರ್ಮುಲಾ ಒನ್ ತಂಡದ ಒಡೆಯನಾಗಿದ್ದ ವಾಲ್ಟರ್ ವುಲ್ಫ್ ಎಂಬ ಧನಿಕನು ತನಗಾಗಿ ಮಾಡಿಸಿಕೊಂಡ ವಿಶೇಷ ಕಾರುಗಳಿಂದ ಸ್ಫೂರ್ತಿ ಪಡೆದು 1978ರಲ್ಲಿ ಕಾರ್ಖಾನೆ ಹೊರತಂದ ಎಲ್‌ಪಿ400 ಎಸ್ ಮಾದರಿಯಲ್ಲಿ ಮುಂದಿನ ಅಗಲ 205 ಆಗಿಯೇ ಉಳಿಯಿತು. ಹಿಂದಿನದು ಪಿರೆಲ್ಲಿ ಪಿ7 ಟೈರಿನ 345ಕ್ಕೆ ಏರಿತು. ಆ ಟೈರುಗಳಿಗೆ ಹೊಂದುವಂತೆ ಸಸ್ಪೆನ್ಷನ್ನನ್ನು ಹೊಸದಾಗಿ ರೂಪಿಸುವುದಕ್ಕೆ ಜಾನ್ ಪಾವ್ಲೊ ದಲ್ಲಾರನಂಥ ನುರಿತ ಶಿಲ್ಪಿಯೇ ಬೇಕಾದನು. ಗಾಲಿಗಳನ್ನು ಮುಚ್ಚಲು ಹೊರಚಾಚಿದ ಕಮಾನುಗಳು ಬಂದವು. ಗಾಳಿಯ ಅಡ್ಡಿ ಹೆಚ್ಚಿತು. ತಿರುವಿನಲ್ಲಿ ಹಿಡಿತ ಹೆಚ್ಚಿದುದು ಸುಳ್ಳಲ್ಲ. ಆದರೂ ಗೋಡೆಗಳ ಮೇಲೆ ಅಂಟಿಸಿದ ಭಿತ್ತಿಚಿತ್ರಗಳ ಮೂಲಕ ಒಂದು ಪೀಳಿಗೆಯ ಬಾಲಕರ ಮನಸ್ಸಿನಲ್ಲಿ ಅಚ್ಚೊತ್ತಿದುದು ದಲ್ಲಾರನ ಲೆಕ್ಕಾಚಾರವಲ್ಲ, ಆ 345.

ಇಲ್ಲಿ ಪ್ರತಿವಾದಿಗಳು ಹೇಳಬಹುದಾದ ಮಾತು ಒಂದುಂಟು, ಮತ್ತು ಅದು ತಳ್ಳಿಹಾಕತಕ್ಕದ್ದಲ್ಲ. ಫಾರ್ಮುಲಾ ಒನ್ ಪಂದ್ಯದಲ್ಲಿ 2017ರಲ್ಲಿ ಟೈರುಗಳನ್ನು ಅಗಲಗೊಳಿಸಿದಾಗ ಮುಂದಿನವು 245ರಿಂದ 305ಕ್ಕೂ ಹಿಂದಿನವು 325ರಿಂದ 405ಕ್ಕೂ ಏರಿದವು. ಜಗತ್ತಿನ ಅತಿ ಬುದ್ಧಿವಂತ ಶಿಲ್ಪಿಗಳ ಕಾರುಗಳಿಗೆ ಹಿಂದಿನದು ಅಗಲವಾಗಿಯೇ ಇರುವಾಗ ಅದನ್ನು ಶೃಂಗಾರವೆನ್ನುವುದು ಹೇಗೆ? ಸರಿಯೇ. ಆದರೆ ಆ ಅಂಕಿಗಳಲ್ಲಿಯೇ ಉತ್ತರವೂ ಇದೆ: ಅವರು ಹಿಂದಿನದನ್ನು ಮಾತ್ರವಲ್ಲದೆ ಮುಂದಿನದನ್ನೂ ಬಹುತೇಕ ಅದೇ ಪ್ರಮಾಣದಲ್ಲಿ ಹಿಗ್ಗಿಸಿದರು. ಅಲ್ಲಿ ಎಂಜಿನ್ನು ಚಾಲಕನ ಬೆನ್ನ ಹಿಂದಿದೆ, ಭಾರ ಹಿಂದಕ್ಕೆ ವಾಲಿದೆ, ಅಪಾರವಾದ ಶಕ್ತಿ ಹಿಂದಿನ ಎರಡು ಗಾಲಿಗಳಿಂದಲೇ ಹೊರಹೊಮ್ಮಬೇಕಾಗಿದೆ. ನೇರವಾದ ದಾರಿಯಲ್ಲಿ ನಿಂತಲ್ಲಿಂದ ನೆಗೆಯುವುದೇ ಗುರಿಯಾದ ಪಂದ್ಯಗಳಲ್ಲಿಯೂ ಹಿಂಬದಿಯ ಅಗಲಕ್ಕೆ ಪೂರ್ಣವಾದ ಸಮರ್ಥನೆಯುಂಟು. ಅಲ್ಲಿ ಮುಂದಿನ ಗಾಲಿಗಳಿಗೆ ದಿಕ್ಕು ತೋರಿಸುವುದಲ್ಲದೆ ಬೇರೆ ಕೆಲಸವಿಲ್ಲ.

ಕಾರ್ಖಾನೆಗಳು ಸಮತೋಲದ ಕಾರಿಗೂ ಹಿಂದೆ ಅಗಲವಾದ ಟೈರು ಕೊಟ್ಟು ಕಳುಹಿಸುವುದುಂಟಲ್ಲ ಎಂದರೆ, ಅದರ ಹಿಂದಿನ ನ್ಯಾಯ ಬೇರೆ. ಬಿಎಂಡಬ್ಲ್ಯು ಸಂಸ್ಥೆಯ 1986ರ ಮೊದಲನೆಯ ಎಂ3 ಕಾರಿಗೆ ನಾಲ್ಕೂ ಟೈರುಗಳು 205ರ ಅಗಲದವೇ. ಅಮೆರಿಕದಲ್ಲಿ 1995ರಲ್ಲಿ ಮಾರಿದ ಎರಡನೆಯ ಪೀಳಿಗೆಯ ಎಂ3ಗೆ ನಾಲ್ಕೂ 235. ಮರುವರ್ಷದಿಂದ ಮುಂದೆ 225, ಹಿಂದೆ 245. ಕಾರನ್ನು ಕೊಳ್ಳುವವರೆಲ್ಲ ನಿಪುಣ ಚಾಲಕರಲ್ಲ. ಮೂತಿ ಹೊರಗೆ ಸಾಗಿದಾಗ ಗಾಬರಿಗೊಂಡವನು ಕಾಲು ತೆಗೆದು ವೇಗ ತಗ್ಗಿಸಿದರೆ ಕಾರು ತಾನಾಗಿ ದಾರಿಗೆ ಬರುತ್ತದೆ. ಬಾಲ ಬೀಸಿದಾಗ ಅದೇ ಗಾಬರಿ ಅವನನ್ನು ಹಳ್ಳಕ್ಕೆ ಕೆಡವುತ್ತದೆ. ಆದುದರಿಂದ ಮಾರುವವನು ಅಂಡರ್‌ಸ್ಟಿಯರನ್ನು ಬೇಕೆಂದೇ ಬೆರೆಸುವುದರಲ್ಲಿ ವಿವೇಕವಿದೆ, ಅದನ್ನು ನಾನು ಗೌರವಿಸುತ್ತೇನೆ. ನನ್ನ ಜಗಳವಿರುವುದು ಈ ಎಚ್ಚರಿಕೆಯ ಕ್ರಮವನ್ನು ಸಾಹಸದ ಲಾಂಛನವೆಂದು ಬಗೆದು, ಕಾರ್ಖಾನೆ ಬೆರೆಸಿದ್ದರ ಮೇಲೆ ಮತ್ತಷ್ಟು ಬೆರೆಸಿ, ಹೆಚ್ಚು ಚುರುಕಾಯಿತೆಂದು ಬೀಗುವವರೊಡನೆ.

ಇದಕ್ಕೆ ವಿರುದ್ಧವಾದ ಧೈರ್ಯವನ್ನು ತೋರಿದವರು ಟೊಯೊಟಾದವರು. 2012ರಲ್ಲಿ ಬಂದ 86 ಎಂಬ ಕಾರಿನ ಮುಖ್ಯಶಿಲ್ಪಿ ತೆತ್ಸುಯ ತಾದಾ ಅವರು ಸುಮಾರು 200 ಅಶ್ವಶಕ್ತಿಯ, ಹಿಂದಿನ ಗಾಲಿಗಳಿಂದ ನಡೆಯುವ ಆ ಕಾರಿಗೆ 215ರ ಟೈರುಗಳನ್ನು ನಾಲ್ಕಕ್ಕೂ ಸಮನಾಗಿ ತೊಡಿಸಿದರು. ಅದೂ ಮಿತವ್ಯಯಕ್ಕೆ ಹೆಸರಾದ ಪ್ರಿಯಸ್ ಕಾರಿಗೆ ಬಳಸುವ ಜಾತಿಯ ಮಿಶೆಲಿನ್ ಟೈರುಗಳು. ನಕ್ಕವರು ಬಹಳ ಮಂದಿ. ಹಿಡಿತದ ಎಲ್ಲೆ ಎಲ್ಲಿದೆಯೆಂಬುದು ಸಾಧಾರಣ ವೇಗದಲ್ಲಿಯೇ ಚಾಲಕನ ಅರಿವಿಗೆ ಬರಬೇಕು, ಎಲ್ಲೆಯನ್ನು ಸಮೀಪಿಸುವಾಗ ಕಾರು ಮುನ್ಸೂಚನೆ ಕೊಡಬೇಕು, ಮುಂದಿನ ಜೋಡಿಯೂ ಹಿಂದಿನ ಜೋಡಿಯೂ ಒಂದೇ ಹದದಲ್ಲಿ ಸಡಿಲಬೇಕು ಎಂಬ ಈ ಆದರ್ಶಕ್ಕೆ ಅಗಲವು ಶತ್ರು. ಕಾರಿನ ಸುಖವನ್ನು ನೂರು ಕಿಲೋಮೀಟರು ವೇಗ ಮುಟ್ಟುವ ಕ್ಷಣಗಳ ಎಣಿಕೆಯಲ್ಲಿ ಅಳೆಯುವವರಿಗೆ ಇದು ರುಚಿಸದೆ ಇರಬಹುದು; ಸ್ಟೀರಿಂಗಿನ ಮೇಲಿಟ್ಟ ಬೆರಳುಗಳಲ್ಲಿ ಅಳೆಯುವವರಿಗೆ ರುಚಿಸುತ್ತದೆ.

ಇನ್ನು ನಮ್ಮ ಊರಿನ ಮಾತು. ಈಗ ನಮ್ಮ ರಸ್ತೆಗಳಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದಿನ ಗಾಲಿಗಳಿಂದ ನಡೆಯುವಂಥವು. ಎಂಜಿನ್ನು ಮುಂದೆ, ಗೇರುಪೆಟ್ಟಿಗೆ ಮುಂದೆ, ತಿರುಗಿಸುವ ಕೆಲಸ ಮುಂದೆ, ಎಳೆಯುವ ಕೆಲಸ ಮುಂದೆ, ಬ್ರೇಕು ಒತ್ತಿದಾಗ ಭಾರ ಬಂದು ಬೀಳುವುದೂ ಮುಂದೆಯೇ. ಹಿಂದಿನ ಗಾಲಿಗಳು ಸುಮ್ಮನೆ ಹಿಂಬಾಲಿಸುತ್ತವೆ. ಇಂಥ ಕಾರಿಗೆ ಹಿಂದೆ ಅಗಲವಾದ ಟೈರು ಹಾಕಿಸುವುದು, ದುಡಿಯುವವನನ್ನು ಬಿಟ್ಟು ಕುಳಿತವನಿಗೆ ಸಂಬಳ ಏರಿಸಿದ ಆಡಳಿತವಲ್ಲದೆ ಮತ್ತೇನು? ಅಂಬಾಸಿಡರ್ ಕಾಲದಲ್ಲಿ ಹಿಂದಿನ ಗಾಲಿಗಳೇ ನೂಕುತ್ತಿದ್ದವೆಂಬುದು ನಿಜ. ಆದರೆ ಆ ಕಾರಿಗೆ ಹಿಂದೆ ಅಗಲವಾದ ಟೈರು ಬೇಕೆಂದು ಯಾರಿಗೂ ತೋರಿರಲಾರದು.

ಲೆಕ್ಕದಲ್ಲಿ ಎಡವುವುದೂ ಸುಲಭ. 205/55 ಆರ್16 ಎಂಬ ಟೈರಿನ ವ್ಯಾಸ 632 ಮಿಲಿಮೀಟರು. ಅಗಲವೊಂದನ್ನೇ ನೋಡಿ 225/55 ಆರ್16 ತಂದರೆ ವ್ಯಾಸ 654 ಆಗುತ್ತದೆ, ಏಕೆಂದರೆ 55 ಎಂಬುದು ಗೋಡೆಯ ಎತ್ತರವನ್ನು ಅಗಲದ ನೂರನೆಯ ಭಾಗಗಳಲ್ಲಿ ಹೇಳುವ ಅಂಕಿ. ಹಿಂದಿನ ಗಾಲಿಗಳು ಮುಂದಿನವಕ್ಕಿಂತ ನೂರಕ್ಕೆ ಮೂರೂವರೆಯಷ್ಟು ಕಡಮೆ ಸುತ್ತು ತಿರುಗತೊಡಗುತ್ತವೆ. ನಾಲ್ಕು ಗಾಲಿಗಳ ವೇಗವನ್ನು ಸದಾ ಹೋಲಿಸುತ್ತಿರುವ ಎಬಿಎಸ್ ಯಂತ್ರಕ್ಕೆ ಇಲ್ಲದ ಜಾರಿಕೆ ಇದ್ದಂತೆ ತೋರಬಹುದು. 225/50 ತಂದರೆ ವ್ಯಾಸ 631ಕ್ಕೆ ಸರಿಹೋಗುತ್ತದೆ. ಆದರೆ ಗೋಡೆ ಗಿಡ್ಡವಾಗಿರುವುದರಿಂದ ರಸ್ತೆಯ ಗುಂಡಿಯ ಏಟು ನೇರವಾಗಿ ರಿಮ್ಮಿಗೆ ತಗಲುತ್ತದೆ. ನಮ್ಮ ಗುಂಡಿಗಳ ವಿಚಾರ ವಾಚಕರಿಗೆ ವಿವರಿಸಬೇಕಾಗಿಲ್ಲ.

ಮಳೆಗಾಲದಲ್ಲಿ ಮತ್ತೊಂದು ತೊಡಕು. ಮುಂದಿನ ಟೈರು ನೀರನ್ನು ಸೀಳಿ ಮಾಡಿದ ಹಾದಿಯಲ್ಲಿ ಹಿಂದಿನದು ಸಾಗುವುದು ವಾಡಿಕೆ. ಹಿಂದಿನದು ಅಗಲವಾಗಿದ್ದಲ್ಲಿ ಅದರ ಭುಜಗಳು ಆ ಹಾದಿಯ ಆಚೆಗೆ ಚಾಚಿ, ಸೀಳದ ನೀರಿನ ಮೇಲೆ ಹತ್ತುತ್ತವೆ. ಅಗಲವಾದ ಟೈರಿಗೆ ಹೊರದೂಡಬೇಕಾದ ನೀರೂ ಹೆಚ್ಚಾದ್ದರಿಂದ, ಸವೆದ ಅಗಲವಾದ ಟೈರು ಸವೆದ ಕಿರಿದಾದ ಟೈರಿಗಿಂತ ಬೇಗ ತೇಲುತ್ತದೆ. ಇದರ ಮೇಲೆ ಸ್ಟೆಪ್ನಿಯ ಸಮಸ್ಯೆ: ಮುಂದೊಂದು ಅಳತೆ, ಹಿಂದೊಂದು ಅಳತೆ ಇದ್ದ ಮೇಲೆ ಡಿಕ್ಕಿಯಲ್ಲಿರುವ ಒಂದೇ ಸ್ಟೆಪ್ನಿ ಯಾವುದಕ್ಕೆ ಹೊಂದಬೇಕು? ಮುಂದಿನ ಟೈರನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಅದಲುಬದಲು ಮಾಡಿ ಸವೆತವನ್ನು ಸಮಗೊಳಿಸುವ ರೂಢಿಯೂ ಅಂದಿಗೆ ಮುಗಿಯಿತು.

ಕಾನೂನಿನ ಸಂಗತಿಯನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ವಾಹನದ ರೂಪವನ್ನು ತಯಾರಕನ ಮೂಲ ವಿವರಣೆಯಿಂದ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡವನ್ನು, ಇಲ್ಲವೆ ಆರು ತಿಂಗಳವರೆಗಿನ ಸೆರೆಯನ್ನು, ಅಥವಾ ಎರಡನ್ನೂ ವಿಧಿಸಿದೆ. ತಯಾರಕನೇ ಅನುಮತಿಸಿದ ಅಳತೆಗಳು ಬಾಗಿಲಿನ ಬಳಿಯ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಇರುತ್ತವೆ. ಅಂಗಡಿಗೆ ಹೋಗುವ ಮುನ್ನ ಅವನ್ನು ಓದುವುದಕ್ಕೆ ಖರ್ಚೇನೂ ಇಲ್ಲ.

ಆದರೂ ಕೈಯಲ್ಲಿ ಹಣವಿದ್ದು, ಹಿಂದಿನ ಗಾಲಿಗಳಿಂದ ನಡೆಯುವ ಚೂಟಿಯಾದ ಕಾರೂ ಇದ್ದು, ಟೈರನ್ನು ಬದಲಿಸದೆ ಮನಸ್ಸು ನಿಲ್ಲದವರಿಗೆ ನಾನು ಹೇಳುವುದು ಇಷ್ಟು. ಮೊದಲು ಕಾರ್ಖಾನೆಯ ಅಳತೆಯಲ್ಲಿಯೇ ನಾಲ್ಕಕ್ಕೂ ಉತ್ತಮವಾದ ರಬ್ಬರಿನ ಹೊಸ ಟೈರುಗಳನ್ನು ಹಾಕಿಸಿ, ಅಲೈನ್ಮೆಂಟ್ ಮಾಡಿಸಿ, ಗಾಳಿಯನ್ನು ಕೈಪಿಡಿಯಂತೆ ಹಿಡಿಸಿ ಕೆಲವು ತಿಂಗಳು ಓಡಿಸಿರಿ. ಅನಂತರವೂ ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರನ್ನು ಹದವಾಗಿ ಒತ್ತಿದರೂ ಹಿಂದಿನ ಗಾಲಿಗಳು ಸುಳಿಸುತ್ತುತ್ತವೆ, ಮುಂದಿನವು ಮಾತ್ರ ಗಟ್ಟಿಯಾಗಿ ಕಚ್ಚಿ ನಿಂತಿವೆ ಎಂಬುದು ನಿಶ್ಚಯವಾದರೆ, ಆಗ ಹಿಂದೆ ಒಂದು ಮೆಟ್ಟಿಲು, ಅಂದರೆ 10 ಇಲ್ಲವೆ 20 ಮಿಲಿಮೀಟರು, ವ್ಯಾಸ ಕೆಡದಂತೆ, ರಿಮ್ಮಿನ ಅಗಲಕ್ಕೆ ಹೊಂದುವಂತೆ ಏರಿಸಬಹುದು. ದೋಷ ಮುಂದಿನದೆಂದು ಕಂಡುಬಂದರೆ, ಮತ್ತು ಬೀದಿಯ ಕಾರುಗಳಲ್ಲಿ ಬಹಳ ಸಲ ಹಾಗೆಯೇ ಕಂಡುಬರುತ್ತದೆ, ಅಗಲ ಬೇಕಾದುದು ಮುಂದಿನದಕ್ಕೆ. ಅದು ಮಡ್‌ಗಾರ್ಡಿನೊಳಗೆ ಮರೆಯಾಗಿ ಹಿಂದೆ ನಿಂತವರಿಗೆ ಕಾಣಿಸುವುದಿಲ್ಲ.